ಸೂಚಿಪುಟ ಹರಿದರೆ ಲೆಡ್ಜರ್ ಸುಡಬೇಕೇ?

ಕಂಪ್ಯೂಟರ್ ಆನ್ ಮಾಡಿದಾಗ "ವಿಂಡೋಸ್ ಬೇಕೋ, ಲಿನಕ್ಸ್ ಬೇಕೋ" ಎಂದು ಕೇಳುವ ಮೆನು ಒಂದು ದಿನ ಕಾಣದೆ ಹೋದರೆ ಅದಕ್ಕೆ ಫಾರ್ಮ್ಯಾಟ್ ಮದ್ದಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮೊದಲ ಮಾತು ಇದು. ಎರಡನೆಯ ಮಾತು ಏನೆಂದರೆ, ಆ ಮೆನುವನ್ನು ಮರಳಿ ತರುವ ಕೆಲಸವನ್ನು ನಮ್ಮ ಕಾಲೇಜಿನ ಎಲ್ಲಾ ವಿದ್ಯಾರ್ಥಿಗಳಿಗೂ ಒಂದು ಗಂಟೆಯಲ್ಲಿ ತೋರಿಸಿಕೊಡಬಹುದು. ಸೈನ್ಸ್‌ನವರಿಗೆ ಮಾತ್ರವಲ್ಲ, ಕಾಮರ್ಸ್‌ನ ನಮಗೂ ತೋರಿಸಿಕೊಡಬೇಕು.

"ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಯಾರ ಮನೆಯಲ್ಲಿದೆ?" ಎಂದು ಕೆಲವರು ಕೇಳಬಹುದು. ಸ್ವಲ್ಪ ವಿಚಾರಿಸಿ ನೋಡಿ, ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಮನೆಗಳಲ್ಲಿದೆ. ನಮ್ಮಲ್ಲಿ ಅನೇಕರ ಮನೆಗೆ ಬಂದಿರುವುದು ಹೊಸ ಕಂಪ್ಯೂಟರ್ ಅಲ್ಲ. ಯಾವುದೋ ಆಫೀಸಿನಲ್ಲಿ ಐದಾರು ವರ್ಷ ದುಡಿದು ಸೆಕೆಂಡ್ ಹ್ಯಾಂಡ್ ಆಗಿ ಬಂದದ್ದು, ಇಲ್ಲವೇ ಅಣ್ಣನಿಂದ ತಂಗಿಗೆ ಇಳಿದು ಬಂದದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು. ಹಳೆಯ ಯಂತ್ರಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಆಗ ಉಳಿಯುವ ಸುಲಭ ದಾರಿಗಳಲ್ಲಿ ಒಂದು, ಹಣ ಕೊಡಬೇಕಿಲ್ಲದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು ಪಕ್ಕದಲ್ಲಿ ಹಾಕಿಕೊಳ್ಳುವುದು. ಆದರೆ ವಿಂಡೋಸ್ ಅನ್ನು ಪೂರ್ತಿ ತೆಗೆಯಲೂ ಆಗುವುದಿಲ್ಲ, ಏಕೆಂದರೆ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದೆ, ಟ್ಯಾಲಿ ವಿಂಡೋಸ್‌ನಲ್ಲಿದೆ. ಹೀಗೆ ಒಂದೇ ಡಿಸ್ಕಿನಲ್ಲಿ ಇಬ್ಬರು ಬಾಡಿಗೆದಾರರು ಇರುತ್ತಾರೆ. ಬಾಗಿಲಲ್ಲಿ ನಿಂತು ಯಾರ ಮನೆಗೆ ಹೋಗಬೇಕು ಎಂದು ಕೇಳುವವನೇ ಬೂಟ್ ಮ್ಯಾನೇಜರ್. ಲಿನಕ್ಸ್ ಹಾಕಿದವರಲ್ಲಿ ಬಹುತೇಕ ಎಲ್ಲರ ಬಳಿಯೂ ಈ ಕೆಲಸ ಮಾಡುವುದು ಗ್ರಬ್ ಎಂಬ ಸಣ್ಣ ತಂತ್ರಾಂಶ.

ಸಣ್ಣದು ಎಂದರೆ ಎಷ್ಟು ಸಣ್ಣದು? ಹಳೆಯ ಬಯಾಸ್ ಮಾದರಿಯ ಕಂಪ್ಯೂಟರುಗಳಲ್ಲಿ ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟ್‌ಗಳದ್ದು. ಅದರಲ್ಲಿ 446 ಬೈಟ್‌ಗಳಲ್ಲಿ ಬೂಟ್ ಮಾಡುವ ಮೊದಲ ಸೂಚನೆಗಳಿರುತ್ತವೆ. ಮುಂದಿನ 64 ಬೈಟ್‌ಗಳಲ್ಲಿ ಡಿಸ್ಕಿನ ಯಾವ ಭಾಗ ಎಲ್ಲಿ ಶುರುವಾಗುತ್ತದೆ ಎಂಬ ಪಟ್ಟಿ ಇರುತ್ತದೆ. ಕೊನೆಯ 2 ಬೈಟ್‌ಗಳು ಸಹಿ ಇದ್ದ ಹಾಗೆ. ಹೊಸ ಯುಇಎಫ್ಐ ಮಾದರಿಯ ಕಂಪ್ಯೂಟರುಗಳಲ್ಲಿ ಬೂಟ್ ಫೈಲುಗಳಿಗೆಂದೇ ಒಂದು ಪುಟ್ಟ ವಿಭಾಗ ಇರುತ್ತದೆ. ಅದರಲ್ಲಿ ವಿಂಡೋಸ್‌ಗೆ ಒಂದು ಫೋಲ್ಡರ್, ಉಬುಂಟುವಿಗೆ ಇನ್ನೊಂದು. ಯಾವುದನ್ನು ಮೊದಲು ಕರೆಯಬೇಕು ಎಂಬ ಕ್ರಮ ಮಾತ್ರ ಡಿಸ್ಕಿನಲ್ಲಿ ಅಲ್ಲ, ಮದರ್‌ಬೋರ್ಡಿನ ನೆನಪಿನಲ್ಲಿ ಇರುತ್ತದೆ.

ಅಕೌಂಟೆನ್ಸಿ ಓದುವವರಿಗೆ ಇದು ತಕ್ಷಣ ಅರ್ಥವಾಗಬೇಕು. ಲೆಡ್ಜರಿನ ಮೊದಲಲ್ಲಿ ಒಂದು ಸೂಚಿಪುಟ ಇರುತ್ತದೆ. ಕ್ಯಾಷ್ ಖಾತೆ ಯಾವ ಪುಟ, ಸಾಲಗಾರರ ಖಾತೆ ಯಾವ ಪುಟ ಎಂದು ಅದು ಹೇಳುತ್ತದೆ. ಆ ಪುಟ ಹರಿದು ಹೋದರೆ ಖಾತೆ ಹುಡುಕುವುದು ಕಷ್ಟ, ಆದರೆ ಖಾತೆಗಳು ಎಲ್ಲೂ ಹೋಗಿರುವುದಿಲ್ಲ. ಒಂದೊಂದೇ ಪುಟ ತಿರುವಿ ಹೊಸ ಸೂಚಿ ಬರೆದರೆ ಮುಗಿಯಿತು. ಅದನ್ನು ಬಿಟ್ಟು "ಸೂಚಿ ಇಲ್ಲ, ಲೆಡ್ಜರ್ ಸುಟ್ಟುಬಿಡಿ, ಹೊಸದು ತನ್ನಿ" ಎಂದು ಯಾವ ಗುಮಾಸ್ತನೂ ಹೇಳುವುದಿಲ್ಲ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನಾವು ಈ ಮಾತನ್ನು ತಲೆ ಅಲ್ಲಾಡಿಸಿ ಒಪ್ಪಿಕೊಳ್ಳುತ್ತೇವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಇದು ಬರೀ ಮಾತಲ್ಲ. ನನ್ನ ತರಗತಿಯ ಒಬ್ಬ ಗೆಳತಿಯ ತಂದೆಗೆ ಸಣ್ಣ ಬಟ್ಟೆ ಅಂಗಡಿ ಇದೆ. ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್. ವಿಂಡೋಸ್‌ನಲ್ಲಿ ಅಂಗಡಿಯ ಲೆಕ್ಕ, ಲಿನಕ್ಸ್‌ನಲ್ಲಿ ಮಕ್ಕಳ ಓದು. ವಿಂಡೋಸ್‌ಗೆ ಜಾಗ ಸಾಲದೆಂದು ಅವಳ ತಮ್ಮ ಲಿನಕ್ಸ್ ಇದ್ದ ವಿಭಾಗವನ್ನು ಡಿಲೀಟ್ ಮಾಡಿದ. ಮರುದಿನ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ "ಗ್ರಬ್ ರೆಸ್ಕ್ಯೂ" ಎಂಬ ಎರಡು ಪದ. ರಿಪೇರಿಗೆ ಕೊಟ್ಟ ಕಡೆ "ಹಾರ್ಡ್ ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಿದರೆ ಸರಿಹೋಗಬಹುದು" ಎಂದರು. ಸಂಜೆಗೆ ಹೊಸ ವಿಂಡೋಸ್ ಹಾಕಿದ ಕಂಪ್ಯೂಟರ್ ಮನೆಗೆ ಬಂತು. ಏಪ್ರಿಲ್‌ನಿಂದ ಬರೆದ ಲೆಕ್ಕ ಬರಲಿಲ್ಲ. ಅವಳ ಅಕ್ಕನ ಬಿ.ಕಾಂ. ಪ್ರಾಜೆಕ್ಟ್ ಕೂಡ ಬರಲಿಲ್ಲ.

ಆ ಎರಡು ಪದಗಳನ್ನು ಓದಲು ಬಂದಿದ್ದರೆ ವಿಷಯ ಬೇರೆಯೇ ಆಗುತ್ತಿತ್ತು. ಡಿಸ್ಕ್ ನಿಜವಾಗಿಯೂ ಸತ್ತಿದ್ದರೆ ಆ ಪದಗಳೇ ಬರುತ್ತಿರಲಿಲ್ಲ, ಏಕೆಂದರೆ ಅವನ್ನು ಬರೆದದ್ದು ಅದೇ ಡಿಸ್ಕಿನಿಂದ ಎದ್ದ ಗ್ರಬ್‌ನ ಮೊದಲ ತುಂಡು. ಅದು ತನ್ನ ಉಳಿದ ಭಾಗಗಳನ್ನು ಲಿನಕ್ಸ್ ವಿಭಾಗದಲ್ಲಿ ಹುಡುಕಿತು. ಆ ವಿಭಾಗ ಡಿಲೀಟ್ ಆಗಿತ್ತು, ಆದ್ದರಿಂದ ಸಹಾಯ ಕೇಳಿ ನಿಂತಿತು. ವಿಂಡೋಸ್ ವಿಭಾಗವನ್ನು ಯಾರೂ ಮುಟ್ಟಿರಲಿಲ್ಲ. ಯುಇಎಫ್ಐ ಕಂಪ್ಯೂಟರ್ ಆದರೆ ಬೂಟ್ ಪಟ್ಟಿಗೆ ಹೋಗಿ "ವಿಂಡೋಸ್ ಬೂಟ್ ಮ್ಯಾನೇಜರ್" ಆರಿಸಿದರೆ ಸಾಕಿತ್ತು. ಹಳೆಯ ಬಯಾಸ್ ಆದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್‌ನಿಂದ ಎದ್ದು, ರಿಪೇರಿ ವಿಭಾಗದ ಕಮಾಂಡ್ ಪ್ರಾಂಪ್ಟಿನಲ್ಲಿ ಬೂಟ್‌ರೆಕ್ ಎಂಬ ಆಜ್ಞೆಯನ್ನು ಫಿಕ್ಸ್‌ಎಂಬಿಆರ್ ಆಯ್ಕೆಯೊಂದಿಗೆ ಕೊಡಬೇಕಿತ್ತು. ಎರಡರಲ್ಲಿ ಯಾವುದಕ್ಕೂ ಒಂದು ಫೈಲ್ ಕೂಡ ಬಲಿಯಾಗಬೇಕಿರಲಿಲ್ಲ.

ಲೆಕ್ಕ ಹೋದರೆ ಏನಾಗುತ್ತದೆ ಎಂದು ಕಾಮರ್ಸ್‌ನವರಿಗೆ ವಿವರಿಸಬೇಕಿಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ನೋಂದಾಯಿತ ವ್ಯಾಪಾರಿ ತನ್ನ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಇಟ್ಟುಕೊಂಡಿರಬೇಕು. ಟ್ಯಾಲಿಪ್ರೈಮ್ ಇನ್‌ಸ್ಟಾಲ್ ಮಾಡುವಾಗ ನಾವು ಬೇರೆ ಜಾಗ ತೋರಿಸದಿದ್ದರೆ ಅದು ತನ್ನ ಡೇಟಾವನ್ನು ಸಿ ಡ್ರೈವ್‌ನಲ್ಲೇ ಇಡುತ್ತದೆ. "ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡುತ್ತೇವೆ, ನಿಮ್ಮ ಫೈಲ್‌ಗಳೆಲ್ಲ ಡಿ ಡ್ರೈವ್‌ನಲ್ಲಿ ಸೇಫ್" ಎನ್ನುವ ಮಾತು ಎಷ್ಟು ಅಪಾಯದ್ದು ಎಂದು ಇದರಿಂದ ತಿಳಿಯುತ್ತದೆ. ಆ ಗೆಳತಿಯ ಮನೆಯವರು ಬಿಲ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ಮೂರು ವಾರ ಕೂತು ಲೆಕ್ಕ ಮತ್ತೆ ಬರೆದರು. ಅಕ್ಕನ ಪ್ರಾಜೆಕ್ಟಿಗೆ ಬಿಲ್ ಪುಸ್ತಕ ಇರಲಿಲ್ಲ.

ನಮ್ಮ ಮನೆಯ ಉರ್ದುವಿನಲ್ಲಿ "ಅಮಾನತ್" ಎಂಬ ಮಾತಿದೆ. ಒಬ್ಬರು ನಂಬಿ ಇನ್ನೊಬ್ಬರ ಕೈಗೆ ಕೊಟ್ಟ ವಸ್ತು ಎಂದು ಅರ್ಥ. ಅದನ್ನು ಕೊಟ್ಟ ಹಾಗೆಯೇ ಹಿಂದಿರುಗಿಸಬೇಕು. ಕನ್ನಡದಲ್ಲಿ ಅದೇ ಪದ ಅಮಾನತು ಆಗಿ, ಈಗ ಹೆಚ್ಚಾಗಿ ನೌಕರರನ್ನು ಕೆಲಸದಿಂದ ತಡೆಹಿಡಿಯುವ ಸುದ್ದಿಯಲ್ಲೇ ಓದಲು ಸಿಗುತ್ತದೆ. ಆದರೆ ಹಳೆಯ ಲೆಕ್ಕದ ಭಾಷೆಯಲ್ಲಿ ಇಲ್ಲೂ ಅದಕ್ಕೆ ಠೇವಣಿ ಎಂಬ ಅರ್ಥವೇ ಇತ್ತು. ರಿಪೇರಿಗೆ ಕೊಟ್ಟ ಕಂಪ್ಯೂಟರ್ ಕೂಡ ಅಮಾನತ್. ಡಬ್ಬ, ಸ್ಕ್ರೀನ್, ಕೀಬೋರ್ಡ್ ಮಾತ್ರವಲ್ಲ, ಒಳಗಿರುವ ಲೆಕ್ಕ, ಫೋಟೋ, ಪ್ರಾಜೆಕ್ಟ್ ಎಲ್ಲವೂ ಅಮಾನತ್. ಮಾಲೀಕರನ್ನು ಸರಿಯಾಗಿ ಕೇಳದೆ ಅದನ್ನು ಅಳಿಸುವುದು ತಪ್ಪು. ಹಾಗೆಂದು ಎಲ್ಲಾ ರಿಪೇರಿಯವರನ್ನೂ ನಾನು ದೂರುತ್ತಿಲ್ಲ. ದಿನಕ್ಕೆ ಹತ್ತು ಕಂಪ್ಯೂಟರ್ ಮುಗಿಸಬೇಕಾದವರಿಗೆ ಫಾರ್ಮ್ಯಾಟ್ ಹತ್ತಿರದ ದಾರಿ. ಗಿರಾಕಿಗೆ ಬೇರೆ ದಾರಿ ಗೊತ್ತಿಲ್ಲದಿರುವುದರಿಂದಲೇ ಆ ದಾರಿ ನಡೆಯುತ್ತದೆ. ನಾವು ಕಲಿತರೆ "ಮೊದಲು ಬೂಟ್ ಕ್ರಮ ನೋಡಿ, ಫೈಲ್‌ಗಳನ್ನು ಕಾಪಿ ಮಾಡಿ, ಆಮೇಲೆ ಮಾತಾಡೋಣ" ಎಂದು ಹೇಳಬಹುದು.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಮೆನು ಮಾಯವಾಗಲು ಸಾಮಾನ್ಯವಾಗಿ ಕೆಲವೇ ಕಾರಣಗಳಿರುತ್ತವೆ. ಒಂದು, ಲಿನಕ್ಸ್ ಹಾಕಿದ ನಂತರ ವಿಂಡೋಸ್ ಅನ್ನು ಮತ್ತೆ ಇನ್‌ಸ್ಟಾಲ್ ಮಾಡಿದ್ದು. ವಿಂಡೋಸ್ ಗ್ರಬ್ ಬಗ್ಗೆ ಯೋಚಿಸುವುದಿಲ್ಲ, ತನ್ನನ್ನು ಮೊದಲ ಸ್ಥಾನದಲ್ಲಿ ಇಟ್ಟುಕೊಳ್ಳುತ್ತದೆ. ಎರಡು, ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಬ್ಯಾಟರಿ ಮುಗಿದು ಸೆಟ್ಟಿಂಗ್‌ಗಳು ಮೊದಲಿನಂತಾಗಿದ್ದು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ದಿನಾಂಕವೂ ತಪ್ಪಾಗಿ ತೋರಿಸುತ್ತಿದ್ದರೆ ಮೊದಲು ಈ ಬ್ಯಾಟರಿಯನ್ನು ಸಂಶಯಿಸಬೇಕು. ಮೂರು, ಈಗಾಗಲೇ ಹೇಳಿದಂತೆ ಲಿನಕ್ಸ್ ವಿಭಾಗವನ್ನು ಅಳಿಸಿದ್ದು. ನಾಲ್ಕು, ಯಾವುದಾದರೂ ಅಪ್‌ಡೇಟ್. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್‌ನ ಒಂದು ಭದ್ರತಾ ಅಪ್‌ಡೇಟ್ ನಂತರ ಅನೇಕ ದೇಶಗಳಲ್ಲಿ ಡ್ಯುಯಲ್ ಬೂಟ್ ಕಂಪ್ಯೂಟರುಗಳಲ್ಲಿ ಲಿನಕ್ಸ್ ಏಳದೆ ನಿಂತಿತು. ಸೆಕ್ಯೂರ್ ಬೂಟ್ ಎಂಬ ವ್ಯವಸ್ಥೆ ಹಳೆಯ ಲಿನಕ್ಸ್ ಬೂಟ್ ಫೈಲನ್ನು ಒಪ್ಪದೆ ತಡೆದದ್ದು ಕಾರಣ. ಈ ತೊಂದರೆಯನ್ನು ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡಿತು. ಅಲ್ಲಿಯೂ ಬಳಕೆದಾರರ ಫೈಲ್‌ಗಳಿಗೆ ಏನೂ ಆಗಿರಲಿಲ್ಲ.

ಸರಿಪಡಿಸುವ ಕ್ರಮ ಹೀಗಿದೆ. ಮೊದಲ ಹೆಜ್ಜೆಗೆ ಏನೂ ಬೇಡ, ಬೆರಳು ಸಾಕು. ಕಂಪ್ಯೂಟರ್ ಆನ್ ಆದ ಕೂಡಲೇ ಎಫ್2, ಎಫ್12, ಎಸ್ಕೇಪ್ ಅಥವಾ ಡಿಲೀಟ್ ಕೀ ಒತ್ತಿದರೆ ಸೆಟಪ್ ಅಥವಾ ಬೂಟ್ ಪಟ್ಟಿ ತೆರೆಯುತ್ತದೆ. ಯಾವ ಕೀ ಎಂಬುದು ಕಂಪನಿಯ ಮೇಲೆ ಹೋಗುತ್ತದೆ. ಆ ಪಟ್ಟಿಯಲ್ಲಿ "ಉಬುಂಟು" ಎಂಬ ಹೆಸರು "ವಿಂಡೋಸ್ ಬೂಟ್ ಮ್ಯಾನೇಜರ್" ಕೆಳಗೆ ಇಳಿದಿದ್ದರೆ ಅದನ್ನು ಮೇಲೆ ತಂದು ಸೇವ್ ಮಾಡಿ. ಯುಇಎಫ್ಐ ಕಂಪ್ಯೂಟರುಗಳಲ್ಲಿ ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಲಿನಕ್ಸ್ ಮಿಂಟ್ ಹಾಕಿದವರಿಗೂ ಪಟ್ಟಿಯಲ್ಲಿ "ಉಬುಂಟು" ಎಂದೇ ಕಾಣಬಹುದು, ಗಾಬರಿ ಬೇಡ.

ಎರಡನೆಯ ಹೆಜ್ಜೆ ಆ ಹೆಸರೇ ಇಲ್ಲದಿದ್ದಾಗ. ಲೈವ್ ಪೆನ್ ಡ್ರೈವ್ ಬೇಕು. ಅಂದರೆ ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ನಡೆಸುವ ಪೆನ್ ಡ್ರೈವ್. ರೂಫಸ್ ಅಥವಾ ವೆಂಟಾಯ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ತಯಾರಿಸಬಹುದು, 8 ಜಿಬಿಯ ಪೆನ್ ಡ್ರೈವ್ ಸಾಕು. ತಯಾರಿಸುವಾಗ ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ, ಆದ್ದರಿಂದ ಖಾಲಿ ಪೆನ್ ಡ್ರೈವನ್ನೇ ತೆಗೆದುಕೊಳ್ಳಿ. ಅದರಿಂದ ಕಂಪ್ಯೂಟರನ್ನು ಎಬ್ಬಿಸಿದ ಮೇಲೆ ಮೊದಲು ಮಾಡಬೇಕಾದದ್ದು ರಿಪೇರಿ ಅಲ್ಲ. ವಿಂಡೋಸ್ ವಿಭಾಗವನ್ನು ತೆರೆದು ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡುವುದು. ಕೊನೆಗೆ ಫಾರ್ಮ್ಯಾಟ್ ಮಾಡಲೇಬೇಕಾಗಿ ಬಂದರೂ ಲೆಕ್ಕ ಉಳಿದಿರುತ್ತದೆ. ಈ ಒಂದು ವಿಷಯ ಗೊತ್ತಿದ್ದರೆ ಆ ಬಟ್ಟೆ ಅಂಗಡಿಯ ಮೂರು ವಾರ ಉಳಿಯುತ್ತಿತ್ತು.

ನಂತರ ಗ್ರಬ್. ಲಿನಕ್ಸ್ ಮಿಂಟ್‌ನ ಲೈವ್ ಪೆನ್ ಡ್ರೈವ್‌ನಲ್ಲಿ ಬೂಟ್ ರಿಪೇರ್ ಎಂಬ ಸಾಧನ ಮೆನುವಿನಲ್ಲೇ ಇದೆ. ಇಂಟರ್‌ನೆಟ್ ಜೋಡಿಸಿ ಅದನ್ನು ತೆರೆದು, ಶಿಫಾರಸು ಮಾಡಿದ ರಿಪೇರಿ ಎಂಬ ಗುಂಡಿ ಒತ್ತಿದರೆ ಸಾಮಾನ್ಯ ತೊಂದರೆಗಳು ಸರಿಹೋಗುತ್ತವೆ. ಕೈಯಿಂದಲೇ ಮಾಡಬೇಕೆನ್ನುವವರಿಗೆ ಕ್ರಮ ಉದ್ದವಾದರೂ ತರ್ಕ ಸರಳ. ಡಿಸ್ಕಿನಲ್ಲಿರುವ ಲಿನಕ್ಸ್ ವಿಭಾಗವನ್ನು ಮೌಂಟ್ ಮಾಡಬೇಕು. ಯುಇಎಫ್ಐ ಆದರೆ ಬೂಟ್ ಫೈಲುಗಳ ಪುಟ್ಟ ವಿಭಾಗವನ್ನೂ ಅದರೊಳಗೆ ಸೇರಿಸಬೇಕು. ನಡೆಯುತ್ತಿರುವ ವ್ಯವಸ್ಥೆಯ ಡೆವ್, ಪ್ರಾಕ್, ಸಿಸ್ ಎಂಬ ಫೋಲ್ಡರುಗಳನ್ನು ಅಲ್ಲಿಗೆ ಜೋಡಿಸಿ ಸಿಎಚ್‌ರೂಟ್ ಆಜ್ಞೆಯಿಂದ ಒಳಗೆ ಹೋಗಬೇಕು. ಆಮೇಲೆ ಗ್ರಬ್-ಇನ್‌ಸ್ಟಾಲ್, ಕೊನೆಗೆ ಅಪ್‌ಡೇಟ್-ಗ್ರಬ್. ಮೊದಲನೆಯದು ಕಾವಲುಗಾರನನ್ನು ಮತ್ತೆ ಬಾಗಿಲಲ್ಲಿ ನಿಲ್ಲಿಸುತ್ತದೆ, ಎರಡನೆಯದು ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂಬ ಪಟ್ಟಿಯನ್ನು ಅವನ ಕೈಗೆ ಕೊಡುತ್ತದೆ. ಬಯಾಸ್ ಕಂಪ್ಯೂಟರಿನಲ್ಲಿ ಗ್ರಬ್-ಇನ್‌ಸ್ಟಾಲ್‌ಗೆ ಇಡೀ ಡಿಸ್ಕಿನ ಹೆಸರು ಕೊಡಬೇಕು, ಅದರ ಒಂದು ವಿಭಾಗದ ಹೆಸರಲ್ಲ.

ಮೆನು ಬಂತು, ಆದರೆ ಅದರಲ್ಲಿ ವಿಂಡೋಸ್ ಇಲ್ಲ ಎಂದಾದರೂ ಹೆದರಬೇಡಿ. ಬೇರೆ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಎಂಬ ಭಾಗವನ್ನು 2021ರಲ್ಲಿ ಬಂದ ಗ್ರಬ್ 2.06ರಿಂದ ಭದ್ರತೆಯ ಕಾರಣಕ್ಕೆ ಮೊದಲೇ ಆಫ್ ಮಾಡಿ ಇಟ್ಟಿದ್ದಾರೆ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬದಲಿಸಿ ಅದನ್ನು ಆನ್ ಮಾಡಿ, ಅಪ್‌ಡೇಟ್-ಗ್ರಬ್ ಮತ್ತೊಮ್ಮೆ ನಡೆಸಿದರೆ ವಿಂಡೋಸ್ ಪಟ್ಟಿಗೆ ಬರುತ್ತದೆ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿರಬಹುದು. ಬೂಟ್ ಸೆಟ್ಟಿಂಗ್ ಬದಲಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದೆ ಫೈಲ್‌ಗಳು ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟಿನಿಂದ ಸೈನ್ ಇನ್ ಆಗಿದ್ದರೆ ಕೀ ಸಾಮಾನ್ಯವಾಗಿ ಆ ಅಕೌಂಟಿನಲ್ಲೇ ಇರುತ್ತದೆ. ಇಂದೇ ಹುಡುಕಿ ಕಾಗದದಲ್ಲಿ ಬರೆದಿಡಿ. ಇನ್ನೊಂದು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಷಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಆಗ ಲಿನಕ್ಸ್‌ನಿಂದ ಆ ವಿಭಾಗದಲ್ಲಿ ಬರೆಯುವುದು ಸುರಕ್ಷಿತವಲ್ಲ. ಡ್ಯುಯಲ್ ಬೂಟ್ ಇರುವವರು ಅದನ್ನು ಆಫ್ ಮಾಡಿಡುವುದು ಒಳ್ಳೆಯದು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ನೋಡೋಣ. "ಲಿನಕ್ಸ್ ಇದ್ದರೆ ತಾನೇ ಈ ತಲೆನೋವು, ತೆಗೆದುಹಾಕಿ" ಎಂಬುದು ಮೊದಲನೆಯದು. ಹೊಸ ಕಂಪ್ಯೂಟರ್ ಕೊಳ್ಳಲು ಶಕ್ತಿ ಇರುವವರಿಗೆ ಈ ಮಾತು ಸರಿ. ಅಪ್‌ಡೇಟ್ ನಿಂತ ವಿಂಡೋಸ್‌ನಲ್ಲಿ ಬ್ಯಾಂಕ್ ಕೆಲಸ ಮಾಡುವುದಕ್ಕಿಂತ ಅಪ್‌ಡೇಟ್ ಸಿಗುವ ಲಿನಕ್ಸ್‌ನಲ್ಲಿ ಮಾಡುವುದು ಉಳಿದವರಿಗೆ ಕ್ಷೇಮ. ನಮ್ಮ ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಐಟಿ ಪಾಠ ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿದೆ. ಆದ್ದರಿಂದ ಇದು ಎಲ್ಲೋ ಕೆಲವರ ಹುಚ್ಚು ಅಲ್ಲ.

"ಹುಡುಗರಿಗೆ ಇದನ್ನು ಕಲಿಸಿದರೆ ಲ್ಯಾಬಿನ ಕಂಪ್ಯೂಟರುಗಳನ್ನು ಕೆಡಿಸುತ್ತಾರೆ" ಎಂಬುದು ಎರಡನೆಯದು. ಈ ಭಯದಲ್ಲಿ ಅರ್ಥವಿದೆ. ಲೈವ್ ಪೆನ್ ಡ್ರೈವ್ ಇದ್ದವರು ಬೀಗ ಹಾಕದ ಡಿಸ್ಕಿನ ಫೈಲ್‌ಗಳನ್ನು ಓದಬಹುದು ಎಂಬುದು ನಿಜ. ಅದಕ್ಕೆ ಲ್ಯಾಬಿನ ಸೆಟಪ್‌ಗೆ ಪಾಸ್‌ವರ್ಡ್ ಹಾಕಬೇಕು, ಅಭ್ಯಾಸಕ್ಕೆ ಬಳಕೆಯಲ್ಲಿಲ್ಲದ ಒಂದು ಹಳೆಯ ಯಂತ್ರವನ್ನು ಮಾತ್ರ ಕೊಡಬೇಕು. ಈಜು ಕಲಿಸುವವರು ಮಕ್ಕಳನ್ನು ನೇರವಾಗಿ ಹೊಳೆಗೆ ಇಳಿಸುವುದಿಲ್ಲ, ಆದರೆ ನೀರೇ ತೋರಿಸದೆಯೂ ಇರುವುದಿಲ್ಲ.

"ಸಿಲಬಸ್‌ನಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ" ಎಂಬುದು ಮೂರನೆಯದು. ಇದಕ್ಕೆ ನನ್ನ ಉತ್ತರ ಚಿಕ್ಕದು. ಸಿಲಬಸ್‌ನಲ್ಲಿರುವ ಪ್ರಾಜೆಕ್ಟ್ ಫೈಲ್ ಅದೇ ಕಂಪ್ಯೂಟರಿನಲ್ಲಿದೆ.

ಹಾಗಾಗಿ ಪ್ರಾಂಶುಪಾಲರಿಗೂ ಆಡಳಿತ ಮಂಡಳಿಗೂ ವಿದ್ಯಾರ್ಥಿಗಳ ಪರವಾಗಿ ಮೂರು ವಿನಂತಿಗಳು. ಒಂದು, ಕಂಪ್ಯೂಟರ್ ಲ್ಯಾಬಿನಲ್ಲಿ ಎರಡು ರಕ್ಷಣಾ ಪೆನ್ ಡ್ರೈವ್ ಇಡಬೇಕು, ಒಂದು ಲಿನಕ್ಸ್ ಲೈವ್, ಇನ್ನೊಂದು ವಿಂಡೋಸ್ ರಿಪೇರಿ. ಲೈಬ್ರರಿ ಪುಸ್ತಕದಂತೆ ಸಹಿ ಹಾಕಿಸಿಕೊಂಡು ಒಂದು ದಿನದ ಮಟ್ಟಿಗೆ ಮನೆಗೆ ಕೊಡಬೇಕು. ಎರಡು, ಪ್ರತಿ ವರ್ಷ ಪ್ರಥಮ ಪಿಯುಸಿಯವರಿಗೆ ಒಂದು ಶನಿವಾರ ಒಂದು ಗಂಟೆಯ ಪ್ರಾತ್ಯಕ್ಷಿಕೆ ನಡೆಸಬೇಕು, ಮೇಲೆ ಹೇಳಿದ ಹೆಜ್ಜೆಗಳನ್ನು ಕನ್ನಡ ವಿವರಣೆಯೊಂದಿಗೆ, ಆಜ್ಞೆಗಳನ್ನು ಇದ್ದ ಹಾಗೆಯೇ ಬರೆದು ಲ್ಯಾಬಿನ ಗೋಡೆಯ ಮೇಲೆ ಹಚ್ಚಬೇಕು. ಮೂರು, ಲ್ಯಾಬಿಗೆ ರಿಪೇರಿಗೆ ಬರುವವರಿಗೂ ಒಂದು ನಿಯಮ ಇರಬೇಕು: ಫೈಲ್‌ಗಳ ಕಾಪಿ ಆಗಿದೆ ಎಂದು ಉಪನ್ಯಾಸಕರು ಸಹಿ ಮಾಡುವವರೆಗೆ ಯಾವ ಕಂಪ್ಯೂಟರನ್ನೂ ಫಾರ್ಮ್ಯಾಟ್ ಮಾಡುವಂತಿಲ್ಲ. ಈ ಮೂರಕ್ಕೂ ಸೇರಿ ಆಗುವ ಖರ್ಚು ಎರಡು ಪೆನ್ ಡ್ರೈವ್ ಮತ್ತು ಒಂದು ಚಾರ್ಟ್ ಹಾಳೆಯ ಬೆಲೆ.

ಸ್ನೇಹಿತರಿಗೆ ನನ್ನ ವಿನಂತಿ ಇನ್ನೂ ಸುಲಭದ್ದು. ಕಾಲೇಜು ತೀರ್ಮಾನ ಮಾಡುವವರೆಗೆ ಕಾಯಬೇಡಿ. ಈ ಭಾನುವಾರ ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಲೆಕ್ಕ ಎಲ್ಲಿದೆ, ಪ್ರಾಜೆಕ್ಟ್ ಎಲ್ಲಿದೆ ಎಂದು ಹುಡುಕಿ ಒಂದು ಪ್ರತಿ ಹೊರಗೆ ತೆಗೆದಿಡಿ. ಬೂಟ್ ಪಟ್ಟಿ ತೆರೆಯುವ ಕೀ ಯಾವುದು ಎಂದು ನೋಡಿ, ಒಂದು ಚೀಟಿಯಲ್ಲಿ ಬರೆದು ಸಿಪಿಯು ಪಕ್ಕಕ್ಕೆ ಅಂಟಿಸಿ. ಮುಂದೆ ಎಂದಾದರೂ ಕಪ್ಪು ಪರದೆ ಬಂದರೆ, ಯಾರಿಗಾದರೂ ಫೋನ್ ಮಾಡುವ ಮೊದಲು ಅದರ ಮೇಲೆ ಏನು ಬರೆದಿದೆ ಎಂದು ಓದಿ, ಒಂದು ಫೋಟೋ ತೆಗೆದುಕೊಳ್ಳಿ. ಅರ್ಧ ರಿಪೇರಿ ಆ ಫೋಟೋದಲ್ಲೇ ಇರುತ್ತದೆ.